ಕುಂಡಲಿಯನ್ನು ಯಾರೂ ತೆರೆದಿರಲಿಲ್ಲ

ಓದುವ ಎಲ್ಲರಿಗೂ ನಮಸ್ಕಾರ. ನನ್ನ ಬರಹದಲ್ಲಿ ತಪ್ಪುಗಳು ಇದ್ದೇ ಇರುತ್ತವೆ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ನಾನು ಯಾದಗಿರಿ ಕಡೆಯ ಸಣ್ಣ ಊರಿನವನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ನಿಂತೆ. ಮೀಸೆ ಬಂದ ಮೇಲೆ ಮತ್ತೆ ಪುಸ್ತಕ ಹಿಡಿದು, ನನ್ನ ಅರ್ಧ ವಯಸ್ಸಿನ ಹುಡುಗರ ನಡುವೆ ಕುಳಿತು ಎಸ್ಸೆಸ್ಸೆಲ್ಸಿ ಪಾಸಾದೆ. ಡಿಗ್ರಿ ಅಂಚೆಯ ಮೂಲಕ ಆಯಿತು. ಆಮೇಲೆ ಹೈದರಾಬಾದಿಗೆ ಬಂದು ದಿಲ್‌ಸುಖ್‌ನಗರದಲ್ಲಿ ಕಂಪ್ಯೂಟರ್ ಕೋರ್ಸು ಮಾಡಿದೆ, ಇವತ್ತಿಗೂ ಅಲ್ಲೇ ಬಾಡಿಗೆಗೆ ಇದ್ದೇನೆ. ಕನ್ನಡ ಟೈಪು ಮಾಡುವಾಗ ಒಂದೊಂದು ಒತ್ತಕ್ಷರಕ್ಕೂ ನನ್ನ ಬೆರಳು ಕೀಲಿಮಣೆಯ ಮೇಲೆ ಅಲೆದಾಡುತ್ತದೆ. ಇಷ್ಟು ಬರೆಯುವುದರಲ್ಲೇ ಪಕ್ಕದಲ್ಲಿಟ್ಟ ಚಹಾ ಆರಿಹೋಯಿತು.

ನಾನು ಉಪ್ಪಲ್‌ನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಈಗೀಗ ನಾನೂ ಸ್ವಲ್ಪ ಕೋಡ್ ಬರೆಯುತ್ತೇನೆ. ನಮ್ಮ ಕೆಲಸದಲ್ಲಿ ಲಾಗ್ ಎಂದು ಒಂದು ಇರುತ್ತದೆ. ಸಾಫ್ಟ್‌ವೇರ್ ನಡೆಯುವಾಗ ತನ್ನ ಪಾಡಿಗೆ ತಾನು ಸಾಲು ಸಾಲಾಗಿ ಬರೆದುಕೊಳ್ಳುತ್ತಾ ಹೋಗುವುದಕ್ಕೆ ಹಾಗೆನ್ನುತ್ತಾರೆ. ಇಷ್ಟು ಹೊತ್ತಿಗೆ ಇವರು ಬಂದರು, ಇದನ್ನು ಒತ್ತಿದರು, ಇದು ತೆರೆಯಲಿಲ್ಲ, ಹೀಗೆ. ಬಳಸುವ ಜನಕ್ಕೆ ಅದು ಕಾಣುವುದಿಲ್ಲ. ಏನಾದರೂ ಕೆಟ್ಟಾಗ ನಮ್ಮಂಥವರು ತೆಗೆದು ಓದುತ್ತೇವೆ. ಅದರಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂದು ಯಾರೋ ಒಬ್ಬರು ಮೊದಲೇ ನಿರ್ಧರಿಸಿರಬೇಕು.

ನಮ್ಮ ಟೀಮಿನ ಮುಖ್ಯಸ್ಥೆ ಒಬ್ಬ ತೆಲುಗು ಹೆಣ್ಣುಮಗಳು, ನನಗಿಂತ ಚಿಕ್ಕವರು. ನಾನು ಹೊಸದಾಗಿ ಲಾಗ್ ಸಾಲು ಹಾಕಿದಾಗಲೆಲ್ಲ ಅವರು ತೆರೆಯ ಮೇಲೆ ಬೆರಳಿಟ್ಟು ಕೇಳುತ್ತಿದ್ದರು. "ಎವರು ಚದುವುತಾರು? ಎಂದುಕು?" ಯಾರು ಓದುತ್ತಾರೆ, ಯಾಕೆ ಓದುತ್ತಾರೆ. ನನ್ನ ಹತ್ತಿರ ಜವಾಬು ಇಲ್ಲದಿದ್ದರೆ "ತೀಸೆಯ್" ಎನ್ನುತ್ತಿದ್ದರು. ತೆಗೆದುಬಿಡು ಎಂದರ್ಥ. ಮೇಡಂ ಕಂಪ್ಯೂಟರಿನಲ್ಲಿ ಜಾಗ ಉಳಿಸಲು ಹೀಗೆ ಮಾಡುತ್ತಾರೆ ಎಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದವಾಖಾನೆಯ ಅಪಾಯಿಂಟ್‌ಮೆಂಟುಗಳು ಮಾಯವಾಗಿ, ಯಾಕೆಂದು ತಿಳಿಯಲು ಒಂದು ಸಾಲೂ ಬರೆದಿಟ್ಟಿರದೆ, ತಪ್ಪು ನನ್ನ ತಲೆಗೆ ಬಂದಿತ್ತು. ಅಂದಿನಿಂದ ಬರೆದಿಟ್ಟದ್ದೇ ನಿಜ, ಬರೆಯದೇ ಇದ್ದದ್ದು ನಡೆದೇ ಇಲ್ಲ ಎಂಬ ಹಟ ನನ್ನಲ್ಲಿ ಕೂತಿತ್ತು. ತಡವಾಗಿ ಅಕ್ಷರ ಕಲಿತವನಿಗೆ ಅಕ್ಷರದ ಮೇಲೆ ಸ್ವಲ್ಪ ಹೆಚ್ಚೇ ನಂಬಿಕೆ ಇರುತ್ತದೋ ಏನೋ.

ಇಲ್ಲಿ ನಮ್ಮ ಕಡೆಯವರದು ಒಂದು ಸಂಘವಿದೆ. ಕಾರ್ಖಾನೆಗಳಿಂದ ನಿವೃತ್ತರಾದವರು, ಅಂಗಡಿಯವರು, ನನ್ನಂಥ ನೌಕರರು. ಭಾನುವಾರ ಒಂದು ಶಾಲೆಯ ಹಾಲಿನಲ್ಲಿ ಸೇರುತ್ತೇವೆ. ಹೊರಗೆಲ್ಲ ತೆಲುಗು, ಹಿಂದಿ ಆಡಿ ದಣಿದ ಬಾಯಿಗೆ ಅಲ್ಲಿ ಸ್ವಲ್ಪ ಆರಾಮ. ಸಂಘದ ದೊಡ್ಡ ಕೆಲಸವೆಂದರೆ ಮದುವೆ ಕೂಡಿಸುವುದು. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್. ಎಲ್ಲರಿಗೂ ಮೌಶಿ, ಎಂದರೆ ಚಿಕ್ಕಮ್ಮ, ಬಾಯಿ ಭಾಳ ಜೋರು. ಕನ್ಯೆ, ವರರ ಫೋಟೋ, ಬಯೋಡೇಟಾ, ಕುಂಡಲಿ ಎಲ್ಲ ಅವರ ಒಂದು ದಪ್ಪ ಫೈಲಿನಲ್ಲಿ ಇರುತ್ತಿದ್ದವು. ಮನೆಯಿಂದ ಮನೆಗೆ ಹೋಗುತ್ತಿದ್ದವು, ತಿರುಗಿ ಬರುತ್ತಿದ್ದವು.

ನಮ್ಮಲ್ಲಿ ಯಾರೂ ನೇರವಾಗಿ ಬೇಡ ಎನ್ನುವುದಿಲ್ಲ. ಹುಡುಗಿ ಕಪ್ಪು, ಹುಡುಗನ ತಲೆ ಬೋಳು, ಅತ್ತೆಯಾಗುವವಳ ಬಾಯಿ ಕೆಟ್ಟದ್ದು, ಕಾರಣ ಏನೇ ಇರಲಿ, ತಿರುಗಿ ಬರುವ ಮಾತು ಒಂದೇ: ಕುಂಡಲಿ ಕೂಡಲಿಲ್ಲ. ಹಾಗೆಂದರೆ ಯಾರ ತಪ್ಪೂ ಅಲ್ಲ. ಎರಡೂ ಮನೆಯವರು ಮುಂದಿನ ಹಬ್ಬದಲ್ಲಿ ಎದುರಾದರೆ ಮುಖ ತಿರುಗಿಸಬೇಕಾಗಿಲ್ಲ. ಮೌಶಿ ಆ ಮಾತನ್ನು ಹೊತ್ತು ತರುವುದರಲ್ಲೂ ಒಂದು ರೀತಿ ಇತ್ತು. ಬಯೋಡೇಟಾ ಸಂಜೆಯೇ ವಾಪಸು ಬಂದರೂ ಅವರು ಕೆಲವು ದಿನ ಮನೆಯಲ್ಲೇ ಇಟ್ಟುಕೊಂಡು, ಯಾರೋ ಜೋಯಿಸರ ಹತ್ತಿರ ಹೋಗಿ ಬಂದಷ್ಟು ಹೊತ್ತು ಕಳೆದು, ಆಮೇಲೆ ಹೇಳುತ್ತಿದ್ದರು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನಾನು ಸೋದರಮಾವನ ಮಗಳನ್ನು ಮದುವೆಯಾದವನು, ಯಾರೂ ನಮ್ಮ ಕುಂಡಲಿ ಕೇಳಲಿಲ್ಲ. ಕುಂಡಲಿ ಕೂಡಲಿಲ್ಲ ಎಂದರೆ ಕುಂಡಲಿ ಕೂಡಲಿಲ್ಲ ಎಂದೇ ನಾನು ತಿಳಿದಿದ್ದೆ.

ಮೌಶಿಗೆ ಮೊಣಕಾಲು ನೋವು ಜಾಸ್ತಿಯಾಗಿ ಓಡಾಟ ಕಷ್ಟವಾದಾಗ, ಒಂದು ಆಪ್ ಮಾಡಿ ಫೈಲನ್ನು ಮೊಬೈಲಿಗೆ ತರುತ್ತೇನೆ ಎಂದು ನಾನೇ ಮುಂದೆ ಬಂದೆ. ಸದಸ್ಯರು ಅವರವರ ಮನೆಯಲ್ಲೇ ಕೂತು ಫೋಟೋ, ಬಯೋಡೇಟಾ, ಕುಂಡಲಿ ತೆರೆದು ನೋಡಬಹುದು. ಎಲ್ಲ ಮುಗಿದ ಮೇಲೆ ಕಮಿಟಿಯ ಮುಂದೆ ತೋರಿಸಿದೆ. ಲಾಗ್ ಬಗ್ಗೆಯೂ ಹೆಮ್ಮೆಯಿಂದ ಹೇಳಿದೆ.

"ಯಾರು ಯಾವಾಗ ಏನ್ ಒತ್ತಿದ್ರೂ ಬರಕೊಂತೈತ್ರಿ."

ಕಾರ್ಯದರ್ಶಿ ಬಾಯಿತುಂಬ ಎಲೆ ಅಡಿಕೆ ಇಟ್ಟುಕೊಂಡೇ ಹೇಳಿದರು. "ಬರಕೊಳ್ಳಲಿ ಬಿಡ್ರಿ, ಅದರ ಕೈಯೇನು ನೋಯ್ತೈತೇನು?"

ಮೌಶಿ ಮಾತ್ರ ಕನ್ನಡಕ ಏರಿಸಿ ನೋಡಿದರು. "ಯಾರು ಯಾರ ಫೋಟೋ ನೋಡಿದ್ರು ಅನ್ನೂದೂ ಬರಕೊಂತೈತೇನು?"

"ಹೌದ್ರಿ ಮೌಶಿ."

"ಯಾತಕ್ಕ?"

"ಇರಲಿ ಅಂತರಿ. ಮುಂದ ಬೇಕಾಗಬಹುದು."

"ಇರಲಿ ಅಂತ ನಮ್ಮ ಅತ್ತಿ ಹರಕ ಚೀಲಾ ಎಲ್ಲಾ ಅಟ್ಟದ ಮ್ಯಾಲೆ ತುಂಬಿದ್ರು. ಆಮ್ಯಾಲೆ ಹೆಗ್ಗಣಾ ಬಂದ್ವು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾತು ಅಲ್ಲಿಗೇ ಮುಗಿಯಿತು.

ಆಪ್ ಚೆನ್ನಾಗಿ ನಡೆಯಿತು. ಆದರೆ ಅದು ಕೆಟ್ಟಾಗ ಮಾತ್ರ ಓದಬೇಕಾದ ಲಾಗನ್ನು ನಾನು ಕೆಡದಿದ್ದಾಗಲೂ ಓದತೊಡಗಿದೆ. ಬೆಳಿಗ್ಗೆ ಮೆಟ್ರೋದಲ್ಲಿ ಬೇರೆಯವರು ಕ್ರಿಕೆಟ್ ಸ್ಕೋರು ನೋಡುವಂತೆ ನಾನು ಅದನ್ನು ತೆರೆಯುತ್ತಿದ್ದೆ. ಯಾವ ಮನೆಯವರು ಯಾವ ಮನೆಯ ಹುಡುಗಿಯನ್ನು ನೋಡುತ್ತಿದ್ದಾರೆ, ಯಾವ ಹುಡುಗನ ತಾಯಿ ಎಲ್ಲರ ಸಂಬಳದ ಸಾಲಿನವರೆಗೆ ಮಾತ್ರ ಓದುತ್ತಾರೆ, ಎಲ್ಲ ನನಗೆ ಗೊತ್ತು. ಹೆಂಡತಿ ತೀರಿಕೊಂಡ ಹಿರಿಯರೊಬ್ಬರು ಎರಡನೇ ಮದುವೆಯ ಪುಟ ತೆರೆದು ಕೂಡಲೇ ಮುಚ್ಚುತ್ತಿದ್ದರು. ಮರುದಿನ ಮತ್ತೆ ತೆರೆಯುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು. ಅವರು ಭಾನುವಾರ ಸಂಘದಲ್ಲಿ ಎದುರಾದರೆ ನಾನು ಒಂದು ಥರ ನಗುತ್ತಿದ್ದೆ. ಪಾಪ, ಅವರೂ ತಿರುಗಿ ನಗುತ್ತಿದ್ದರು. ಗಿರಣಿಯಲ್ಲಿದ್ದಾಗ ನನಗೆ ಯಾರೂ ಏನೂ ಹೇಳುತ್ತಿರಲಿಲ್ಲ, ಹಿಟ್ಟು ಕೊಟ್ಟು ಕಳಿಸುವವನಿಗೆ ಯಾರು ತಮ್ಮ ಮನೆಯ ವಿಷಯ ಹೇಳುತ್ತಾರೆ? ಈಗ ಯಾರೂ ಹೇಳದೆಯೇ ಎಲ್ಲ ತಿಳಿಯುತ್ತಿತ್ತು. ಅದು ನನಗೆ ಇಷ್ಟವಾಗಿತ್ತು. ಈ ವಾಕ್ಯವನ್ನು ಅಳಿಸಿ ಅಳಿಸಿ ಮತ್ತೆ ಬರೆದಿದ್ದೇನೆ.

ಹೈದರಾಬಾದಿನ ಆ ತುದಿಯ ಮಿಯಾಪುರದಲ್ಲಿ ನಾನು ಕಾಕಾ ಎಂದು ಕರೆಯುವವರೊಬ್ಬರು ಇದ್ದಾರೆ. ವಿಜಯಪುರದ ಕಡೆಯವರು, ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರು. ನಾನು ಕೋರ್ಸು ಮಾಡುತ್ತಿದ್ದಾಗ ಹಬ್ಬಹುಣ್ಣಿಮೆಗೆ ಕರೆದು ಊಟ ಹಾಕಿದ ಮನೆ. ಅವರಿಗೆ ಒಬ್ಬಳೇ ಮಗಳು, ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಆಕೆಯ ತುಟಿಯ ಕೆಳಗೆ ಗದ್ದದವರೆಗೆ ಒಂದು ಬಿಳಿ ಮಚ್ಚೆ ಇದೆ. ತೊನ್ನು. ಡಾಕ್ಟರು ಅದು ಅಂಟುವುದಲ್ಲ, ನೋವಿಲ್ಲ, ಏನೂ ಇಲ್ಲ ಎಂದಿದ್ದಾರೆ. ಆಕೆ ಆಪಿಗೆ ಫೋಟೋ ಕಳಿಸುವಾಗ ನನಗೆ ಸ್ಪಷ್ಟವಾಗಿ ಹೇಳಿದ್ದಳು. "ಅಣ್ಣಾ, ಬೆಳಕು ಗಿಳಕು ಹಚ್ಚಿ ಏನೂ ಮಾಡಬ್ಯಾಡ್ರಿ. ಹೆಂಗ ಐತಿ ಹಂಗ ಹಾಕ್ರಿ. ಆಮ್ಯಾಲೆ ಎದುರಿಗೆ ಬಂದು ಹೌಹಾರೂದು ಬ್ಯಾಡ."

ಆ ಮನೆಗೆ ಬರುತ್ತಿದ್ದ ಉತ್ತರವೂ ಒಂದೇ, ಕುಂಡಲಿ ಕೂಡಲಿಲ್ಲ. ಕಾಕಾ ಅದನ್ನು ಪೂರ್ತಿ ನಂಬಿದ್ದರು. ಮಂಗಳನಿಗೆ ಶಾಂತಿ, ಶನಿಗೆ ಎಣ್ಣೆ, ಯಾರೋ ಹೇಳಿದ ಗುಡಿಗೆ ಪ್ರದಕ್ಷಿಣೆ. ಮಗಳ ಹತ್ತಿರ ಅದೇ ಜಗಳ. ಈ ವಾರ ಉಪವಾಸ ಮಾಡು ಎಂದು ಅವರು, ಪರೀಕ್ಷೆಯ ಪೇಪರ್ ತಿದ್ದಬೇಕು, ಹೊಟ್ಟೆ ಹಸಿದರೆ ಎಲ್ಲರನ್ನೂ ಫೇಲು ಮಾಡುತ್ತೇನೆ ಎಂದು ಈಕೆ. ಜಗಳ ಜೋರಾದರೂ ಮನೆ ಹಗುರವಾಗಿತ್ತು.

ಒಂದು ಭಾನುವಾರ ಸಂಜೆ ಅವರ ಮನೆಗೆ ಹೋಗಿದ್ದೆ. ಕಾಕಾನ ಹೆಂಡತಿ ಕಾಕು ಒಳಗೆ ಮಂಡಕ್ಕಿ ಒಗ್ಗರಿಸಿ ಸುಸಲಾ ಮಾಡುತ್ತಿದ್ದರು. ಕಾಕಾ ಕುರ್ಚಿ ನನ್ನ ಹತ್ತಿರ ಎಳೆದುಕೊಂಡರು.

"ತಮ್ಮಾ, ನಿನ್ನಿಂದ ಒಂದು ಕೆಲಸ ಆಗಬೇಕಿತ್ತು. ಈಗ ಮೂರ್ನಾಕ್ ಮಂದಿ ಕುಂಡಲಿ ಕೂಡಲಿಲ್ಲ ಅಂದ್ರಲ್ಲಾ, ಅವ್ರು ಯಾವ ಜೋಯಿಸರ ಕಡೆ ತೋರ್ಸ್ಯಾರ, ಏನ್ ದೋಷ ಅಂದಾರ, ನಿನ್ನ ಕಂಪ್ಯೂಟರಿನ್ಯಾಗ ಸಿಗತೈತೇನು? ಖರೆ ದೋಷ ಯಾವ್ದು ಅಂತ ಗೊತ್ತಾದ್ರ ಅದಕ್ಕ ತಕ್ಕ ಶಾಂತಿ ಮಾಡಸ್ತೀನಿ. ಹಿಂಗ ಕತ್ತಲ್ಯಾಗ ಎಷ್ಟು ದಿನಾ ಕೈ ಆಡಸ್ಲಿ?"

"ಜೋಯಿಸರದು ಸಿಗಂಗಿಲ್ಲರಿ ಕಾಕಾ. ಕುಂಡಲಿ ಯಾವಾಗ ತಗದು ನೋಡ್ಯಾರ ಅನ್ನೂದು ಸಿಗತೈತಿ."

"ಅಷ್ಟಾದ್ರೂ ನೋಡಪಾ."

ಲ್ಯಾಪ್‌ಟಾಪ್ ನನ್ನ ಚೀಲದಲ್ಲೇ ಇತ್ತು. ಸಾಲುಗಳನ್ನು ಹುಡುಕಿದೆ. ಮೊದಲ ಮನೆಯವರು ಫೋಟೋ ತೆರೆದಿದ್ದಾರೆ, ಮುಚ್ಚಿದ್ದಾರೆ. ಎರಡನೆಯವರು ಬಯೋಡೇಟಾ ಓದಿದ್ದಾರೆ, ಫೋಟೋ ತೆರೆದಿದ್ದಾರೆ, ಮುಚ್ಚಿದ್ದಾರೆ. ಉಳಿದವರೂ ಹಾಗೇ. ಕುಂಡಲಿಯನ್ನು ಯಾರೂ ತೆರೆದಿರಲಿಲ್ಲ. ತಪ್ಪು ಹುಡುಕುವ ಕೆಲಸದವನಲ್ಲವೇ, ಮತ್ತೊಮ್ಮೆ ಪರೀಕ್ಷಿಸಿ ಖಾತ್ರಿ ಮಾಡಿಕೊಂಡೆ.

ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಖುಷಿಯಾಯಿತು. ಇಷ್ಟು ವರ್ಷ ಈ ಮನುಷ್ಯ ಇಲ್ಲದ ದೋಷಕ್ಕೆ ಎಣ್ಣೆ ಸುರಿದಿದ್ದಾರೆ, ನಾನು ಅವರ ಮನಸ್ಸಿನ ಭಾರ ಇಳಿಸುತ್ತಿದ್ದೇನೆ ಎಂದುಕೊಂಡೆ. ಮಗಳು ಸುಸಲಾದ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತದ್ದು ಕಂಡಿತು. ಆಕೆಗೂ ಕೇಳಲಿ ಎಂದು ದನಿ ಏರಿಸಿದೆ.

"ಕಾಕಾ, ನಿಮ್ಮ ಕುಂಡಲಿದು ಏನೂ ತಪ್ಪಿಲ್ಲರಿ! ಅದನ್ನ ಯಾರೂ ತಗದೇ ಇಲ್ಲ. ಫೋಟೋ ನೋಡ್ಯಾರ, ಅಲ್ಲೇ ಮುಚ್ಯಾರ."

ಕಾಕಾ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು. "ಯಾರು?"

"ಎಲ್ಲಾರೂರಿ. ಒಬ್ಬರೂ ಬಿಡದಂಗ." ನಾನು ತೆರೆಯನ್ನು ಅವರ ಕಡೆ ತಿರುಗಿಸಿ ಮನೆಗಳನ್ನು ಒಂದೊಂದಾಗಿ ಓದತೊಡಗಿದೆ.

"ಅಣ್ಣಾ, ಸಾಕು," ಎಂದಳು ಆಕೆ. ಜೋರಾಗಿ ಅಲ್ಲ. ತರಗತಿಯಲ್ಲಿ ಮಕ್ಕಳಿಗೆ ಹೇಳುವ ಹಾಗೆ. ಆಮೇಲೆ ತಟ್ಟೆಯನ್ನು ನಮ್ಮ ನಡುವೆ ಇಟ್ಟಳು. "ಆರತೈತಿ, ತಿನ್ರಿ."

ಆಗ ನನಗೆ ತಿಳಿಯಿತು. ಕಾಕಾ ಮಗಳ ಮುಖದ ಕಡೆ ನೋಡಿದರು, ತುಟಿಯ ಕೆಳಗೆ. ಹುಟ್ಟಿದಾಗಿನಿಂದ ನೋಡಿದ ಮುಖವನ್ನು ಮೊದಲ ಸಲ ಬೇರೆಯವರ ಕಣ್ಣಿನಿಂದ ನೋಡಿದ ಹಾಗೆ ನೋಡಿದರು. ನನಗೆ ಲ್ಯಾಪ್‌ಟಾಪ್ ಮುಚ್ಚಲಿಕ್ಕೂ ಕೈ ಬರಲಿಲ್ಲ. ಸುಸಲಾ ತಿಂದೆ. ಅಂಥ ಹೊತ್ತಿನಲ್ಲಿ ಎದ್ದು ಹೋಗಬೇಕೋ ತಿನ್ನಬೇಕೋ ಎಂಬುದು ಕೂಡ ನನಗೆ ಗೊತ್ತಾಗಲಿಲ್ಲ.

ಲಿಫ್ಟಿನವರೆಗೆ ಆಕೆ ನನ್ನ ಜೊತೆ ಬಂದಳು.

"ತಪ್ಪಾತವ್ವಾ," ಎಂದೆ.

"ನನಗ ಮೊದಲ್ನೇದು ವಾಪಸ್ ಬಂದಾಗ್ಲೇ ಗೊತ್ತಿತ್ರಿ ಅಣ್ಣಾ. ಅಪ್ಪಗ ಗೊತ್ತಿರಲಿಲ್ಲ. ಶನಿ, ಮಂಗಳ ಅಂತ ಅವ್ರ ಜೋಡಿ ಜಗಳಾಡಿಕೊಂಡು ಆರಾಮಿದ್ರು." ಲಿಫ್ಟು ಬಂತು. "ಇನ್ನ ಯಾರ ಜೋಡಿ ಜಗಳಾಡ್ತಾರ ನೋಡ್ಬೇಕು."

ಜಗಳ ಆ ವಾರವೇ ಶುರುವಾಯಿತು. ಕಾಕಾ ಆ ಮನೆಗಳಿಗೆ ಒಂದೊಂದಾಗಿ ಫೋನು ಮಾಡಿದರು. "ನನ್ನ ಮಗಳ ಕುಂಡಲಿ ನೀವು ತಗದೇ ಇಲ್ಲ, ನನ್ನ ಕಡೆ ರಿಕಾರ್ಡ್ ಐತಿ," ಎಂದು ಕೂಗಾಡಿದರಂತೆ. ಆ ಮನೆಯವರು ನನಗೆ ಫೋನು ಮಾಡಿದರು. ಒಬ್ಬ ಹೆಣ್ಣುಮಗಳು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಏನ್ರಿ, ನಮ್ಮ ಮನ್ಯಾಗ ಕುಂತು ನಾವೇನು ನೋಡ್ತೀವಿ ಅನ್ನೂದನ್ನ ನೀವು ನಿಮ್ಮ ಮನ್ಯಾಗ ಕುಂತು ನೋಡ್ತೀರೇನು? ನಿಮ್ಮ ಹೆಂಡತಿಗೆ ಗೊತ್ತೈತೇನು ಇದು?"

ಮುಂದಿನ ಭಾನುವಾರ ಹಾಲಿಗೆ ಕಾಲಿಟ್ಟ ಕೂಡಲೇ ಕಾರ್ಯದರ್ಶಿ ಎದ್ದು ನಿಂತು ಸಲಾಂ ಹೊಡೆದರು. "ಬರ್ರಿ ಬರ್ರಿ, ಸಿಐಡಿ ಸಾಹೇಬ್ರು! ನಾ ಮುಂಜಾನೆ ಎಷ್ಟು ಇಡ್ಲಿ ತಿಂದೆ ಅನ್ನೂದೂ ಬಂದೈತೇನ್ರಿ ನಿಮ್ಮ ಲಾಗಿನ್ಯಾಗ?"

"ಅದಕ್ಕ ಬ್ಯಾರೆ ಸರ್ವರ್ ಬೇಕಾಗತೈತ್ರಿ," ಎಂದು ಯಾರೋ ಹಿಂದಿನಿಂದ ಹೇಳಿದರು. ಹಾಲಿಡೀ ನಕ್ಕಿತು. ಹೆಂಡತಿ ತೀರಿಕೊಂಡ ಆ ಹಿರಿಯರು ಮಾತ್ರ ನಗಲಿಲ್ಲ. ಗೋಡೆಯ ಪಕ್ಕದ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು. ನಾನು ಇಷ್ಟು ದಿನ ಯಾಕೆ ಹಾಗೆ ನಗುತ್ತಿದ್ದೆ ಎಂಬುದು ಅವರಿಗೆ ಆ ಹೊತ್ತಿಗೆ ಅರ್ಥವಾಯಿತು ಎಂದು ನನಗೆ ಅನ್ನಿಸಿತು. ಅವರು ಎದ್ದು ಹೊರಗೆ ಹೋದರು. ಆಮೇಲೆ ಸಂಘಕ್ಕೆ ಬರುವುದನ್ನೇ ಕಡಿಮೆ ಮಾಡಿದರು.

ಮೌಶಿ ನನ್ನನ್ನು ವೆರಾಂಡಕ್ಕೆ ಕರೆದರು. "ಯಾರು ಯಾಕ ಬ್ಯಾಡ ಅಂದ್ರು ಅಂತ ನನಗ ಗೊತ್ತಿದ್ದಿಲ್ಲೇನು? ಎಲ್ಲಾ ಗೊತ್ತಿತ್ತು. ಎಲ್ಲೆರ ಬರದಿಟ್ಟಿದ್ನೇನು?"

"ಇಲ್ಲರಿ."

"ಮತ್ತ?"



ಅದಾಗಿ ಕೆಲವು ದಿನಕ್ಕೆ ಕಾಕಾ ದಿಲ್‌ಸುಖ್‌ನಗರಕ್ಕೆ ನನ್ನ ಮನೆಯ ತನಕ ಬಂದರು. ಅವರು ಹಾಗೆ ಬಂದದ್ದು ಅದೇ ಮೊದಲು. ಕೋಚಿಂಗ್ ಸೆಂಟರ್ ಬಿಟ್ಟ ಹೊತ್ತು, ಕೆಳಗೆ ರಸ್ತೆ ತುಂಬ ಹುಡುಗ ಹುಡುಗಿಯರು. ಅವರ ನಡುವೆ ದಾರಿ ಮಾಡಿಕೊಂಡು ಬಂದು ಏದುಸಿರು ಬಿಡುತ್ತಾ ಕೂತರು. ನೀರು ಕುಡಿದು ಮೊಬೈಲು ತೆಗೆದು ತೋರಿಸಿದರು. ಮಗಳ ಅದೇ ಫೋಟೋ. ಯಾವುದೋ ಸ್ಟುಡಿಯೋದಲ್ಲಿ ಗದ್ದವನ್ನು ಒಂದೇ ಬಣ್ಣಕ್ಕೆ ತಂದಿದ್ದರು.

"ಹಳೇದು ತಗದು ಇದನ್ನ ಹಾಕಪಾ. ಅಕಿಗೆ ಹೇಳೂದು ಬ್ಯಾಡ."

"ಅಕಿ ನೋಡಿದ್ರ, ಕಾಕಾ?"

"ತನ್ನ ಫೋಟೋ ತಾ ಯಾಕ ನೋಡ್ತಾಳ? ಅಕಿಗೆ ಎಲ್ಲಿ ಪುರಸೊತ್ತೈತಿ?"

ಆಕೆ ನೋಡುತ್ತಿದ್ದಳು. ಅದು ನನಗೆ ಗೊತ್ತಿತ್ತು. ಕಾಲೇಜು ಬಿಟ್ಟ ಹೊತ್ತಿಗೆ ಆಗಾಗ ತನ್ನ ಪುಟವನ್ನು ತಾನೇ ತೆರೆದು, ಫೋಟೋ ತೆರೆದು, ಮುಚ್ಚುತ್ತಿದ್ದಳು. ಆ ಸಾಲುಗಳನ್ನೂ ನಾನು ಮೆಟ್ರೋದಲ್ಲಿ ನಿಂತು ಓದಿದ್ದೆ. ಬಾಯಿಯವರೆಗೆ ಬಂದ ಮಾತನ್ನು ಹಿಡಿದುಕೊಂಡೆ. ತಂದೆಗೆ ಮಗಳ ಬಗ್ಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ, ಅದನ್ನು ಆಕೆ ನನಗೆ ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಇದಕ್ಕಿಂತ ನಾಚಿಕೆಗೇಡು ಏನಿದೆ? "ಇಟ್ಟು ಹೋಗ್ರಿ ಕಾಕಾ, ನೋಡೂಣು," ಎಂದೆ. ಆಗುವುದಿಲ್ಲ ಎನ್ನುವ ಧೈರ್ಯ ಇರಲಿಲ್ಲ. ಫೋಟೋ ಮಾತ್ರ ಹಾಕಲಿಲ್ಲ.

ಮುಂದಿನ ಭಾನುವಾರ ಆಕೆಯೇ ಸಂಘಕ್ಕೆ ಬಂದಳು. ಜನ ಹೋಗಿ, ಕುರ್ಚಿ ಮಡಚುವ ಸದ್ದಿನ ನಡುವೆ ನಾನು, ಮೌಶಿ, ಆಕೆ ಒಂದು ಬೆಂಚಿನ ಮೇಲೆ ಕೂತೆವು.

"ಅಪ್ಪ ನಿಮ್ಮ ಕಡೆ ಫೋಟೋ ತಂದಿದ್ರಲ್ಲಾ? ಅವ್ರ ಮೊಬೈಲಿನ್ಯಾಗ ನೋಡೀನಿ. ಚೊಲೊ ಬಂದೈತಿ, ನಮ್ಮ ಚಿಕ್ಕಮ್ಮನ ಮಗಳಂಗ ಕಾಣ್ತೀನಿ." ಸ್ವಲ್ಪ ನಕ್ಕಳು. "ಮೊದಲ ನನ್ನ ಮುಖಾ ನೋಡಿ ಜಗಳಾಡ್ತಿದ್ರು. ಈಗ ಗ್ವಾಡಿ ನೋಡಿ ಮಾತಾಡ್ತಾರ್ರಿ ಅಣ್ಣಾ. ಉಪ್ಪು ಕೊಡು ಅನ್ನೂದಾದ್ರೂ ಗ್ವಾಡಿಗೇ ಹೇಳ್ತಾರ."

"ನಾ ಅದಕ್ಕಽ ಹೇಳಿದ್ದೆ," ಎಂದು ಮೌಶಿ ನನ್ನ ಮೇಲೆ ತಿರುಗಿದರು.

"ನೀವೂ ಸುಮ್ನಿರ್ರಿ ಮೌಶಿ. ಇಷ್ಟು ವರ್ಷ ಅವ್ರು ಗುಡಿ ಗುಡಿ ಸುತ್ತಿದ್ದು ನಿಮ್ಮ ಸುಳ್ಳು ನಂಬಿ. ಅದೇನು ಪುಕ್ಕಟೆ ಬಂತೇನು?"

ಮೌಶಿ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು.

ಆಕೆ ಲ್ಯಾಪ್‌ಟಾಪ್ ತೆಗೆಯಿರಿ ಎಂದಳು. ಆಪ್ ಏನೇನು ಬರೆದುಕೊಳ್ಳುತ್ತದೆ ಎಂದು ಒಂದೊಂದೇ ಸಾಲು ತೋರಿಸುತ್ತಾ ಹೋದೆ. ಒಂದೊಂದಕ್ಕೂ ಆಕೆ ಕೇಳಿದ್ದು ಒಂದೇ. ಇದನ್ನ ಯಾರು ಓದ್ತಾರ, ಓದಿ ಏನ್ ಮಾಡ್ತಾರ? ಆಫೀಸಿನಲ್ಲಿ ಮೇಡಂ ಕೇಳುತ್ತಿದ್ದದ್ದೂ ಅದೇ. ಎರಡು ಭಾಷೆಯಲ್ಲಿ ಕೇಳಿಸಿಕೊಂಡ ಮೇಲೆ ನನ್ನ ತಲೆಗೆ ಹೋಯಿತು.

ಲಾಗಿನ್ ಆಗಲಿಲ್ಲ ಎಂಬ ಸಾಲು ಇರಲಿ ಎಂದಾಯಿತು, ಅದಿಲ್ಲದಿದ್ದರೆ ಸರಿಪಡಿಸಲು ಆಗುವುದಿಲ್ಲ. ಫೈಲು ತೆರೆಯಲಿಲ್ಲ ಎಂಬುದು ಇರಲಿ, ಯಾರ ಫೈಲು ಎಂಬುದು ಬೇಡ. ಯಾರು ಯಾರ ಫೋಟೋ ನೋಡಿದರು, ಎಷ್ಟು ಹೊತ್ತು ನೋಡಿದರು, ಬೇಡ. ಹಾಗಾದರೆ ಏನೂ ಬೇಡವೇ ಬೇಡ ಎಂದು ನಾನು ಎಲ್ಲ ತೆಗೆಯಲು ಹೊರಟೆ. ಮೌಶಿ ತಡೆದರು. ಹುಡುಗಿಯರ ಫೋನ್ ನಂಬರು ಯಾರು ತೆಗೆದುಕೊಂಡರು ಎಂಬುದು ಇರಲೇಬೇಕು ಎಂದರು. ಹಿಂದೆ ಫೈಲಿನಿಂದ ನಂಬರು ಬರೆದುಕೊಂಡು ಒಬ್ಬ ಪೀಡಿಸಿದ್ದನಂತೆ, ಯಾರೆಂದು ಕೊನೆಯವರೆಗೂ ಗೊತ್ತಾಗಲಿಲ್ಲವಂತೆ. ಅದು ಉಳಿಯಿತು. ಆದರೆ ದೂರು ಬಂದಾಗ ಮಾತ್ರ, ಕಮಿಟಿಯ ಇಬ್ಬರು ಕೂಡಿ ತೆರೆಯಬೇಕು, ಕೆಲವು ತಿಂಗಳಾದ ಮೇಲೆ ತಾನೇ ಅಳಿದುಹೋಗಬೇಕು ಎಂದು ಮಾಡಿದೆವು.

ಆಕೆ ತೆರೆಯನ್ನೇ ನೋಡುತ್ತಾ ಕೇಳಿದಳು. "ಈ ಲಾಗ್ ಯಾರು ತಗದು ನೋಡ್ಯಾರ ಅನ್ನೂದು ಎಲ್ಲಿ ಬರದೈತಿ?"

"ಎಲ್ಲೂ ಬರದಿಲ್ಲ."

ಎಲ್ಲರ ನೋಟವನ್ನೂ ಬರೆದಿಟ್ಟ ನಾನು ನನ್ನ ನೋಟವನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.

"ನೀವು ನೋಡ್ತಿದ್ರೇನು?"

ಇಲ್ಲ ಎನ್ನಬಹುದಿತ್ತು. ಹಿಡಿಯಲು ಯಾರಿಂದಲೂ ಆಗುತ್ತಿರಲಿಲ್ಲ. "ದಿನಾ ನೋಡ್ತಿದ್ದೆ," ಎಂದೆ.

"ನಂದೂ?"

"ನಿಂದೂ."

ಆಕೆ ಚೀಲದ ಜಿಪ್ಪು ಎಳೆದಳು, ಅದು ಮೊದಲೇ ಹಾಕಿತ್ತು, ತೆಗೆದು ಮತ್ತೆ ಎಳೆದಳು. "ಅಳಸ್ರಿ," ಎಂದಳು. ಇಬ್ಬರ ಎದುರಿಗೇ ಹಳೆಯದನ್ನೆಲ್ಲ ಅಳಿಸಿದೆ. ಎಷ್ಟೋ ತಿಂಗಳದ್ದು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಯಿತು. ಮುಂದೆ ಯಾರು ಲಾಗ್ ತೆರೆದರೂ ಅದೂ ಬರೆಯಲ್ಪಡುವಂತೆ ಮಾಡಿದೆ. ನನ್ನ ಹೆಸರಿನಿಂದಲೇ ಪರೀಕ್ಷಿಸಿ ತೋರಿಸಿದೆ.

ಮರುವಾರ ಮಿಯಾಪುರಕ್ಕೆ ಹೋದೆ. ಅಳಿಸಿದ ವಿಷಯ ಕಾಕಾಗೆ ನಾನೇ ಹೇಳಬೇಕಿತ್ತು. ಫೋಟೋ ಬದಲಾಯಿಸಲಿಲ್ಲ, ಬದಲಾಯಿಸುವುದಿಲ್ಲ ಎಂದೂ ಹೇಳಬೇಕಿತ್ತು. ಎರಡನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿ, ಅವರ ಪಾದ ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಅಳಿಸಿದ್ಯಾ? ಚೊಲೊ ಆತು. ನನ್ನ ತಲ್ಯಾಗಿಂದೂ ಅಷ್ಟು ಅಳಿಸಿಬಿಡು ಮತ್ತ," ಎಂದು ತಮ್ಮ ಹಣೆಗೆ ಬೆರಳಿಂದ ಬಡಿದುಕೊಂಡರು. ಆಮೇಲೆ ಮನೆಗೆ ಬಂದವನು ಎಂಬ ಕಾರಣಕ್ಕೆ ಕೂಡಲು ಹೇಳಿದರು. ಟಿವಿಯ ಕಡೆ ಮುಖ ಮಾಡಿ, "ಚಾ ಮಾಡವ್ವಾ," ಎಂದರು.

ಆಕೆ ಒಳಗಿನಿಂದ ಬಂದು ಟಿವಿಗೂ ಅವರಿಗೂ ನಡುವೆ ನಿಂತಳು. "ಈ ಕಡೆ ನೋಡಿ ಹೇಳ್ರಿ ಅಪ್ಪಾ. ಸಕ್ಕರಿ ಹಾಕ್ಲ್ಯೋ ಬ್ಯಾಡೋ?"

ಕಾಕಾ ತಲೆ ಎತ್ತಿದರು. ಆಕೆಯ ಕಣ್ಣು ನೋಡಬೇಕೆಂದೇ ಎತ್ತಿದ್ದರು, ಅದು ನನಗೆ ಕಂಡಿತು. ಆದರೆ ಅವರ ದೃಷ್ಟಿ ನೇರ ಕೆಳಗೆ ಇಳಿದು ಗದ್ದದ ಮೇಲೆ ನಿಂತಿತು, ಅಲ್ಲಿಂದ ಸರಿದು ನೆಲಕ್ಕೆ ಹೋಯಿತು. "ಸ್ವಲ್ಪ ಹಾಕು," ಎಂದರು. ಆಕೆ ಒಳಗೆ ಹೋದಳು. ನಾನು ನನ್ನ ಚಪ್ಪಲಿಯ ಕಡೆ ನೋಡುತ್ತಾ ಕೂತೆ.

ಇಷ್ಟೇ ನನ್ನ ಅನುಭವ. ಇದನ್ನು ಓದುವವರಲ್ಲಿ ನನ್ನ ಕೆಲಸದವರೂ ಇರಬಹುದು, ಈ ಕೆಲಸದ ಗಂಧ ಗಾಳಿ ಇಲ್ಲದವರೂ ಇರಬಹುದು. ಒಳ್ಳೆಯ ಸುದ್ದಿ ಎಂದುಕೊಂಡು ನೀವು ಯಾರ ಮನೆಯಲ್ಲಾದರೂ ಇಂಥ ನಿಜ ಹೇಳಿದ್ದುಂಟೇ? ಬೇಕಾಗಬಹುದು ಎಂದು ಬರೆದಿಟ್ಟದ್ದು ಬೇರೆಯವರಿಗೆ ನೋವು ಕೊಟ್ಟದ್ದುಂಟೇ? ಇದ್ದರೆ ದಯವಿಟ್ಟು ಬರೆದು ತಿಳಿಸಿ. ಹೆಸರು ಹಾಕಬೇಕಾಗಿಲ್ಲ. ಆಮೇಲೆ ಆ ಮನೆಗೆ ನೀವು ಹೇಗೆ ಹೋದಿರಿ, ಅಲ್ಲಿ ಹೇಗೆ ಕೂತಿರಿ ಎಂಬುದನ್ನು ಮುಖ್ಯವಾಗಿ ಬರೆಯಿರಿ. ಅದನ್ನು ನಾನು ಇನ್ನೂ ಕಲಿಯಬೇಕಿದೆ.